ಮಿತ್ರರಾಷ್ಟ್ರದ ಬಂದರಿನಲ್ಲಿ ಕೂತಿರುವ ಹಲ್ಲುಚಕ್ರದವರಿಗೆ

ಇವರಿಗೆ,
ಶ್ರೀಯುತ ಹಲ್ಲುಚಕ್ರದವರು,
ಮರದ ಪೆಟ್ಟಿಗೆ (ಸಂಖ್ಯೆಯನ್ನು ನಮಗೆ ತಿಳಿಸಿಲ್ಲ),
ನಮ್ಮ ದೇಶದ ಬಹುಕಾಲದ ಮಿತ್ರರಾಷ್ಟ್ರದ ಯಾವುದೋ ಒಂದು ಬಂದರು.

ವಿಷಯ: ತಾವು ದಯಮಾಡಿಸದ ಕಾರಣ ಮೂರು ಸಲ ಮುಂದಕ್ಕೆ ಹೋದ ನನ್ನ ಅಣ್ಣನ ಮದುವೆಯ ಬಗ್ಗೆ.

ಮಾನ್ಯರೇ,

ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿರುವ ನಮ್ಮ ಮನೆಯವರೆಲ್ಲರ ಪರವಾಗಿ, ಚಿಕ್ಕರಸಿನಕೆರೆಯ ನಮ್ಮ ಬೀಗರಾಗಬೇಕಾದವರ ಪರವಾಗಿ, ಹಾಗೂ ಹೆಸರು ಹೇಳಬಾರದ ಒಂದು ಊರಿನ ಸೇನಾ ವರ್ಕ್‌ಶಾಪಿನಲ್ಲಿ ತಮ್ಮ ದಾರಿ ಕಾಯುತ್ತ ನಿಂತಿರುವ ಎರಡು ಯಂತ್ರಗಳ ಪರವಾಗಿ ತಮಗೆ ಸಾದರ ಪ್ರಣಾಮಗಳು. ತಾವು ಎಣ್ಣೆ ಸವರಿದ ಕಾಗದ ಹೊದ್ದುಕೊಂಡು ಪೆಟ್ಟಿಗೆಯೊಳಗೆ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಆ ಕಡೆ ಸಮುದ್ರದ ಗಾಳಿ ಜಾಸ್ತಿಯಂತೆ, ತುಕ್ಕು ಹಿಡಿಯದಂತೆ ಆರೋಗ್ಯ ನೋಡಿಕೊಳ್ಳಿ. ಇಲ್ಲಿ ನಾವೂ ಕ್ಷೇಮವಾಗಿದ್ದೇವೆ ಎಂದು ಬರೆಯುವುದು ಪದ್ಧತಿ, ಆದರೆ ಆ ಸಾಲನ್ನು ಸದ್ಯಕ್ಕೆ ತಡೆಹಿಡಿದಿದ್ದೇನೆ. ಸರಬರಾಜು ಆದ ಮೇಲೆ ಕಳಿಸಿಕೊಡುತ್ತೇನೆ.

ನನ್ನ ಪರಿಚಯ ಮಾಡಿಕೊಳ್ಳದೆ ತಮ್ಮಂಥವರಿಗೆ ಪತ್ರ ಬರೆಯುವುದು ಸಭ್ಯತೆಯಲ್ಲ. ನಾನು ದೀಪಿಕ. ಮಳವಳ್ಳಿಯ ತಾಲ್ಲೂಕು ಕಚೇರಿಯ ಎದುರಿಗಿರುವ ಜೆರಾಕ್ಸ್ ಮತ್ತು ಪ್ರಿಂಟಿಂಗ್ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಪಿಯುಸಿಯಾದ ಮೇಲೆ ನಾನು ಓದಿರುವುದೆಲ್ಲ ನಮ್ಮ ಯಂತ್ರದಿಂದ ಬಿಸಿಬಿಸಿಯಾಗಿ ಹೊರಬಿದ್ದ ಕರಪತ್ರಗಳು ಮತ್ತು ಕಿರುಹೊತ್ತಿಗೆಗಳು. ರೈತರದು, ವಿದ್ಯಾರ್ಥಿಗಳದು, ಆಳುವವರದು, ಆಳಬೇಕೆಂದಿರುವವರದು, ನಡುನಡುವೆ ಮೂಲವ್ಯಾಧಿಗೆ ಮೂರೇ ದಿನದಲ್ಲಿ ಮದ್ದು ಕೊಡುವವರದು. ಎಲ್ಲವನ್ನೂ ಒಂದೇ ಶ್ರದ್ಧೆಯಿಂದ ಓದಿದ್ದೇನೆ. ಭರವಸೆ ಈಡೇರಿಸುವುದರಲ್ಲಿ ಕೊನೆಯವರೇ ಉಳಿದವರಿಗಿಂತ ಮೇಲೆಂಬುದು ನನ್ನ ಅನುಭವ, ಯಾಕೆಂದರೆ ಅವರು ಫೋನ್ ನಂಬರನ್ನಾದರೂ ಸರಿಯಾಗಿ ಹಾಕಿಸುತ್ತಾರೆ.

ನನ್ನ ಅಣ್ಣ ಶಿವರಾಜು ಸೇನೆಗೆ ಸೇರಿ ಒಂಬತ್ತು ವರ್ಷವಾಯಿತು, ಅಲ್ಲಿ ಮೆಕ್ಯಾನಿಕ್ ಆಗಿದ್ದಾನೆ. ಅವನ ವರ್ಕ್‌ಶಾಪಿನಲ್ಲಿ ಒಂದೇ ಬಗೆಯ ಮೂರು ಯಂತ್ರಗಳಿವೆ. ಅವು ಏನು ಮಾಡುತ್ತವೆ ಎಂದು ಅವನು ಹೇಳಿಲ್ಲ, ನಾನೂ ಕೇಳಿಲ್ಲ. ನಾನು ಹುಟ್ಟುವ ಮೊದಲೇ ಅವನ್ನು ತಮ್ಮ ರಾಷ್ಟ್ರದಿಂದ ಕೊಂಡು ತಂದರಂತೆ. ಬಿಡಿಭಾಗ ಏನು ಬೇಕಾದರೂ ತಮ್ಮ ರಾಷ್ಟ್ರದಿಂದಲೇ ತರಿಸಿಕೊಳ್ಳಬೇಕೆಂದು ಒಪ್ಪಂದದಲ್ಲಿ ಬರೆದಿದೆಯಂತೆ. ಈಗ ಮೂರರಲ್ಲಿ ಎರಡು ನಿಂತಿವೆ. ನಿಂತವುಗಳ ಒಳಗಿನದನ್ನು ಬಿಚ್ಚಿ ಮೂರನೆಯದಕ್ಕೆ ಹಾಕಿ, ಇವತ್ತು ಅದರಲ್ಲಿ ಸವೆದದ್ದನ್ನು ನಾಳೆ ಇದರಿಂದ ತುಂಬಿ, ಆ ಒಂದನ್ನು ಓಡಿಸುತ್ತಿರುವುದು ನನ್ನ ಅಣ್ಣ. ಅದು ಯಾವ ಸದ್ದು ಮಾಡಿದರೆ ಎಲ್ಲಿ ನೋವು ಎಂಬುದು ಅವನೊಬ್ಬನಿಗೇ ಗೊತ್ತು. ಆದ್ದರಿಂದ ಅವನು ಮದುವೆಗೆಂದು ರಜೆ ಕೇಳಿದಾಗ ಅವನ ಸಾಹೇಬರು ಬಲು ಮರ್ಯಾದೆಯಿಂದ, ಆ ಹಲ್ಲುಚಕ್ರ ಬಂದ ದಿನ ಹೊರಡು ಎಂದರು. ಹೀಗೆ ತಾವು, ನೋಡದೆಯೇ, ನಮ್ಮ ಮನೆಯ ಹಿರಿಯರಾದಿರಿ.

ಮಾನ್ಯರೇ, ತಮ್ಮ ಮಹಿಮೆಯನ್ನು ಹೊಗಳಲು ನನ್ನ ಬಳಿ ಮಾತು ಸಾಲದು. ಸುಲಿದ ಒಂದು ತೆಂಗಿನಕಾಯಿಯಷ್ಟೂ ತೂಕವಿರದ ತಮ್ಮ ಹೆಸರಿನಲ್ಲಿ ಎರಡು ನಿಯೋಗಗಳು ವಿಮಾನ ಹತ್ತಿ ಹೋಗಿ ಬಂದಿವೆ. ತಮ್ಮ ರಾಷ್ಟ್ರದ ದೊಡ್ಡವರು ಬೆಳಗ್ಗೆ ನಮ್ಮ ದೊಡ್ಡವರನ್ನು ತಬ್ಬಿಕೊಂಡು, ಮಧ್ಯಾಹ್ನ ನಮ್ಮ ನೆರೆಯವರಿಗೆ ಅದೇ ಯಂತ್ರದ ಹೊಸ ಮಾದರಿ ಮಾರಿ, ಸಂಜೆ ಪತ್ರಕರ್ತರ ಮುಂದೆ ನೀವು ಬೇರೆ ಯಾರಾರ ಜೊತೆ ಓಡಾಡುತ್ತೀರೆಂದು ನಮಗೆ ಗೊತ್ತು ಎಂದು ನಮ್ಮನ್ನೇ ಗದರಿದರು. ಇಷ್ಟೆಲ್ಲ ಆಗುವಾಗಲೂ ತಾವು ಪೆಟ್ಟಿಗೆಯೊಳಗೆ ಒಂದು ಹಲ್ಲನ್ನೂ ಕಡಿಯದೆ ಕುಳಿತಿದ್ದೀರಿ. ಇಂಥ ಸಂಯಮ ನಮ್ಮ ಸಂಸತ್ತಿನಲ್ಲಿ ಸಿಗುವುದು ಕಷ್ಟ.

ಇಲ್ಲಿಯೂ ತಮಗಾಗಿ ತೀವ್ರ ಹೋರಾಟ ನಡೆದಿದೆ ಎಂದು ತಿಳಿಸಲು ಹರ್ಷಿಸುತ್ತೇನೆ. ಒಂದೇ ದಿನ ನಮ್ಮ ಅಂಗಡಿಗೆ ಎರಡು ಕರಪತ್ರಗಳು ಅಚ್ಚಿಗೆ ಬಂದವು. ಆಳುವ ಪಕ್ಷದ್ದು ‘ಬಂಡೆಯಂಥ ಸ್ನೇಹ’, ವಿರೋಧ ಪಕ್ಷದ್ದು ‘ಬೆನ್ನಿಗೆ ಇರಿದ ಸ್ನೇಹ’. ಎರಡಕ್ಕೂ ಒಂದೊಂದು ಫಿರಂಗಿಯ ಚಿತ್ರ ಬೇಕಿತ್ತು. ನಮ್ಮ ಮಾಲೀಕರು ಒಂದು ಗಳಿಗೆ ಯೋಚಿಸಿ, “ಚಿತ್ರ ಒಂದೇ ಇರ್ಲಿ ಬುಡಮ್ಮ, ಮೇಲ್ಗಡೆ ಲೈನ್ ಬದ್ಲಾಯ್ಸು ಸಾಕು” ಎಂದರು. ಬದಲಾಯಿಸಿದೆ. ಎರಡನ್ನೂ ತಲೆಯಿಂದ ಬುಡದವರೆಗೆ ಓದಿದೆ. ಎರಡರಲ್ಲೂ ದೇಶದ ಮಾನ ಇತ್ತು, ಇತಿಹಾಸ ಇತ್ತು, ಅಭ್ಯರ್ಥಿಯ ಭಾವಚಿತ್ರ ಇತ್ತು. ತಮ್ಮ ಸುದ್ದಿ ಮಾತ್ರ ಎಲ್ಲೂ ಇರಲಿಲ್ಲ. ಚಕ್ರ ಯಾವಾಗ ಬರುತ್ತದೆ ಎಂದು ಕೇಳಿದವರೂ ಇಲ್ಲ, ಬಾರದಿದ್ದರೆ ಇಲ್ಲೇ ಯಾಕೆ ಮಾಡಬಾರದು ಎಂದು ಕೇಳಿದವರೂ ಇಲ್ಲ. ಆ ಎರಡನೆಯ ಪ್ರಶ್ನೆಯನ್ನು ನಾನೇ ಮಾಹಿತಿ ಹಕ್ಕಿನಲ್ಲಿ ಒಂದು ಕಚೇರಿಗೆ ಕೇಳಿದೆ. ‘ಇಲ್ಲೇ’ ಎಂಬುದಕ್ಕೆ ಏನು ಅರ್ಥ ಎಂದು ನಿಗದಿಪಡಿಸಲು ಒಂದು ಸಮಿತಿ ಇದೆ, ಅದರ ಅವಧಿಯನ್ನು ವಿಸ್ತರಿಸಲಾಗಿದೆ ಎಂದು ಉತ್ತರ ಬಂತು.

ಸಮಿತಿಯ ಅವಧಿ ಮುಗಿಯುವವರೆಗೆ ಕಾಯುವ ತಾಳ್ಮೆ ನನ್ನ ಅಪ್ಪ ಕರಿಯಪ್ಪನವರಿಗೆ ಇರಲಿಲ್ಲ. ಒಂದು ಭಾನುವಾರ ಅಣ್ಣ ಫೋನ್ ಮಾಡಿದಾಗ ಅಪ್ಪ, “ಅದೇನ್ಲಾ ಅಂತಾ ದೊಡ್ ಸಾಮಾನು, ಒಂದ್ ದೇಸ್ವೇ ಕಾಯ್ಕಂಡ್ ಕುಂತದೆ?” ಎಂದು ಕೇಳಿದರು. ಅಣ್ಣ ನಕ್ಕು, “ದೊಡ್ದೇನಿಲ್ಲ ಕಣಪ್ಪ, ನಮ್ಮನೆ ಮುದ್ದೆ ಗಾತ್ರದ್ ಒಂದ್ ಚಕ್ರ. ಬುಡು, ಇದ್ನೆಲ್ಲ ಫೋನಲ್ ಮಾತಾಡಂಗಿಲ್ಲ” ಎಂದ. ಅವನು ಬಿಟ್ಟ, ಅಪ್ಪ ಬಿಡಲಿಲ್ಲ. ಫೋನ್ ಇಟ್ಟವರೇ, “ಮುದ್ದೆ ಗಾತ್ರದ ಚಕ್ರಕ್ಕೆ ಸಮುದ್ರ ಯಾಕ್ ದಾಟ್ಬೇಕು? ಮದ್ದೂರಲ್ ಲೇತ್ ಇಲ್ವಾ?” ಎಂದರು. ನನ್ನ ಕಿವಿಗೆ ಅದು ಈವರೆಗೆ ಓದಿದ ಎಲ್ಲ ಕಿರುಹೊತ್ತಿಗೆಗಳ ಸಾರದಂತೆ ಕೇಳಿಸಿತು. ತಪ್ಪು ನನ್ನದೂ ಹೌದು, ನಾನು ಚಪ್ಪಾಳೆ ಹೊಡೆದೆ.

ಮಾರನೆಯ ಬೆಳಗ್ಗೆ ನಮ್ಮ ಅಜ್ಜಿ ಮಾಯಮ್ಮನ ಕೈಯಲ್ಲಿ ಒಂದು ಮುದ್ದೆ ಕಟ್ಟಿಸಿ, ಟಿಫನ್ ಡಬ್ಬಿಗೆ ಹಾಕಿಕೊಂಡು, ಅಪ್ಪ ಮತ್ತು ನಾನು ಮದ್ದೂರಿನ ಬಸ್ಸು ಹತ್ತಿದೆವು. ಅಲ್ಲಿ ಕಬ್ಬಿನ ಗಾಣಗಳಿಗೆ ಹಲ್ಲುಚಕ್ರ ಕಡಿದುಕೊಡುವ ಸ್ವರೂಪ್ ಎಂಬವರ ಲೇತ್ ಅಂಗಡಿ ಇದೆ. ಅವರು ನಕ್ಷೆ ಕೇಳಿದರು, ಅಪ್ಪ ಡಬ್ಬಿ ತೆರೆದರು. ಸ್ವರೂಪ್ ಅಣ್ಣ ಸ್ವಲ್ಪ ಹೊತ್ತು ಮುದ್ದೆಯನ್ನೇ ನೋಡಿ, ಕೆಲಸ ಬಲ್ಲವರು ಕೇಳುವ ಹಾಗೆ, “ಯಜಮಾನ್ರೇ, ಇದು ಯಾರ ಮನೆ ಮುದ್ದೆ?” ಎಂದರು. ಸೇನಾ ಖರೀದಿಯ ಇತಿಹಾಸದಲ್ಲಿ ಇಷ್ಟು ಖಚಿತವಾದ ಪ್ರಶ್ನೆಯನ್ನು ಯಾವ ತಾಂತ್ರಿಕ ಸಮಿತಿಯೂ ಕೇಳಿರಲಾರದು. “ನಮ್ಮನೇದೇ ಕಣಪ್ಪ. ಬಿಸಿ ಆರಕ್ ಮುಂಚೆ ಅಳ್ಕೊ, ಆರುದ್ರೆ ಕುಗ್ಗೋಯ್ತದೆ” ಎಂದರು ಅಪ್ಪ. “ಚಕ್ರಕ್ಕೆ ಹಲ್ಲೆಷ್ಟು?” “ಹಲ್ಲಿನ್ ವಿಸ್ಯ ಅವ್ನು ಏಳ್ನಿಲ್ಲ. ನಿಂಗ್ ತೋಚ್ದಷ್ಟ್ ಇಕ್ಕು.” ಅಳತೆ ತೆಗೆಯುವ ಉಕ್ಕಿನ ಕೊಕ್ಕಿಗೆ ಮುದ್ದೆ ಮೆತ್ತಿಕೊಂಡಿತು, ಒರೆಸಿಕೊಂಡು ಮತ್ತೆ ಅಳೆದರು. ಹಳೆಯ ಲಾರಿಯ ಆಕ್ಸಲ್ ತುಂಡಿನಿಂದ ಎರಡು ದಿನ ಕೂತು ಕಡಿದುಕೊಟ್ಟ ಆ ಚಕ್ರ ಹೊಳೆಯುತ್ತಿದ್ದ ಚೆಂದಕ್ಕೆ, ನಾನು ಅದನ್ನು ಮನೆಯವರೆಗೂ ಮಡಿಲಲ್ಲೇ ಇಟ್ಟುಕೊಂಡು ಬಂದೆ.

ಪಾರ್ಸಲ್ ಕಳಿಸಿದೆವು. ಮೂರು ವಾರಕ್ಕೆ ವಾಪಸು ಬಂತು, ಜೊತೆಗೆ ಅಣ್ಣನ ಸಾಹೇಬರ ಒಂದು ಪತ್ರ. ‘ನೀವು ಕಳಿಸಿದ ಚಕ್ರದ ಕೆಲಸ ಬಹಳ ಅಚ್ಚುಕಟ್ಟಾಗಿದೆ, ನನ್ನ ಮೇಜಿನ ಮೇಲೆ ಎರಡು ದಿನ ಇಟ್ಟುಕೊಂಡು ನೋಡಿದೆ, ಆದರೆ ನಮಗೆ ಬೇಕಾದದ್ದಕ್ಕಿಂತ ಇದು ಮೂರು ಬೆರಳು ದೊಡ್ಡದು’ ಎಂದು ಅವರು ಬರೆದಿದ್ದರು. ಸೇನೆಯ ಸಾಮಾನುಗಳನ್ನು ಇನ್ನು ಮುಂದೆ ಯಾವುದೇ ಆಹಾರ ಪದಾರ್ಥಕ್ಕೆ ಹೋಲಿಸಕೂಡದೆಂದು ಅಣ್ಣನಿಗೆ ತಾಕೀತು ಮಾಡಿದ್ದನ್ನೂ ಕೆಳಗೆ ಸೇರಿಸಿದ್ದರು.

ಮೂರು ಬೆರಳು ಎಲ್ಲಿಂದ ಬಂತೆಂದು ಅಪ್ಪ ಅಜ್ಜಿಯ ಮೇಲೆ ರೇಗಿದರು. “ದಿನಾ ಕಟ್ಟೋ ಗಾತ್ರಕ್ ಕಟ್ಟು ಅಂದ್ರೆ ಇಷ್ಟ್ ದಪ್ಪ ಕಟ್ಟಿದ್ದೀಯಲ್ಲವ್ವ!” ಅಜ್ಜಿ ತಮ್ಮ ಅಂಗೈಯನ್ನೇ ತಿರುಗಿಸಿ ನೋಡಿಕೊಂಡು, “ನೀವ್ ಶಿವ್ರಾಜುಗೆ ಅಂದ್ರಲ್ಲ, ಕೈ ತಾನೇ ಅಷ್ಟ್ ತಕ್ಕಂತು” ಎಂದರು. ಅವನು ರಜೆಯ ಮೇಲೆ ಬಂದಾಗ ಕಟ್ಟುವ ಗಾತ್ರ ಅದು.

ಮಾನ್ಯರೇ, ಇನ್ನು ಮುಖ್ಯ ದೂರಿಗೆ ಬರುತ್ತೇನೆ. ಅಣ್ಣನಿಗೆ ಗೊತ್ತುಮಾಡಿರುವ ಹುಡುಗಿ ಚಿಕ್ಕರಸಿನಕೆರೆಯ ಆಶ್ರಿತಾ, ಮದ್ದೂರಿನ ಒಂದು ನರ್ಸಿಂಗ್ ಹೋಮಿನಲ್ಲಿ ನರ್ಸು. ಅವರ ಮನೆಗೂ ನಮ್ಮ ಮನೆಗೂ ಮೂರು ತಲೆಮಾರಿನಿಂದ ಹೆಣ್ಣು ಕೊಟ್ಟು ತರುವ ಸಂಬಂಧ. ನಮ್ಮ ಅಜ್ಜಿ ಆ ಊರಿನವರು, ನಮ್ಮ ಸೋದರತ್ತೆಯನ್ನು ಕೊಟ್ಟಿರುವುದು ಆ ಊರಿಗೆ. ಹೀಗಾಗಿ ಮಿತ್ರರಾಷ್ಟ್ರ ಎಂದರೆ ಏನೆಂದು ನಮಗೆ ಯಾವ ಕರಪತ್ರವೂ ಹೇಳಿಕೊಡಬೇಕಾಗಿಲ್ಲ. ಮೊದಲ ಮುಹೂರ್ತ ಕಾರ್ತಿಕದಲ್ಲಿ ಇತ್ತು. ಅಷ್ಟರಲ್ಲಿ, ಬಿಡಿಭಾಗಗಳು ಬಂದರು ತಲುಪಿವೆ, ಹಡಗು ಏರುವುದೊಂದೇ ಬಾಕಿ ಎಂದು ಪತ್ರಿಕೆಯಲ್ಲಿ ಹೇಳಿಕೆ ಬಂತು, ಮಾಘಕ್ಕೆ ಹಾಕಿದೆವು. ತಮ್ಮ ದೊಡ್ಡವರು ಮುನಿಸಿಕೊಂಡರು, ಆಮೇಲೆ ಮುನಿಸು ತೀರಿತೆಂದು ಸುದ್ದಿ ಬಂತು, ಫಾಲ್ಗುಣಕ್ಕೆ ಹಾಕಿದೆವು. ಪಂಚಾಂಗ ಬಿಟ್ಟು ದಿನಪತ್ರಿಕೆ ನೋಡಿ ಮುಹೂರ್ತ ಇಟ್ಟವರು ಜಿಲ್ಲೆಯಲ್ಲಿ ನಾವೇ ಮೊದಲಿರಬೇಕು. ಲಗ್ನಪತ್ರಿಕೆ ಅಚ್ಚು ಮಾಡಿದ್ದು ನಾನೇ. ಹಳೆಯ ತಾರೀಕಿನ ಮೇಲೆ ಹೊಸ ತಾರೀಕಿನ ಚೀಟಿ ಅಂಟಿಸಿದ್ದೂ ನಾನೇ, ಅದರ ಮೇಲೆ ಇನ್ನೊಂದು ಅಂಟಿಸಿದ್ದೂ ನಾನೇ. ಕೊನೆಗೆ ಆ ಪತ್ರಿಕೆಯಲ್ಲಿ ತಾರೀಕಿನ ಜಾಗ ಎಷ್ಟು ಉಬ್ಬಿತ್ತೆಂದರೆ, ಕಣ್ಣು ಮುಚ್ಚಿಕೊಂಡು ಸವರಿದರೂ ನಮ್ಮ ಮಾತಿನ ಬೆಲೆ ಬೆರಳಿಗೆ ಸಿಗುತ್ತಿತ್ತು.

ಫಾಲ್ಗುಣವೂ ಇಲ್ಲವೆಂದು ಹೇಳಿಬರಲು ಚಿಕ್ಕರಸಿನಕೆರೆಗೆ ಹೋದವಳು ನಾನು. ಚೀಲದಲ್ಲಿ ನಾನೇ ಬರೆದು ಅಚ್ಚು ಹಾಕಿದ ಒಂದು ಕರಪತ್ರದ ಇಪ್ಪತ್ತು ಪ್ರತಿಗಳಿದ್ದವು. ‘ನಂಬಿಸಿ ಕೈಕೊಡುವವರಿಗೆ ಧಿಕ್ಕಾರ’ ಎಂಬುದು ಅದರ ಶೀರ್ಷಿಕೆ. ತಮ್ಮ ರಾಷ್ಟ್ರದ ಮೇಲೆ ಬರೆದದ್ದು, ಆಶ್ರಿತಾಳ ಅಜ್ಜಿ ದೇವಿರಮ್ಮನವರಿಗೆ ಓದಿ ಹೇಳಿದರೆ ಸಮಾಧಾನವಾದೀತೆಂದು ತೆಗೆದುಕೊಂಡು ಹೋಗಿದ್ದೆ. ಜಗಲಿಯ ಮೇಲೆ ಕುಳಿತಿದ್ದ ದೇವಿರಮ್ಮನವರಿಗೆ ಶೀರ್ಷಿಕೆಯಿಂದ ಶುರುಮಾಡಿ ಎರಡು ಪ್ಯಾರಾ ಓದಿದೆ. ಅವರು ಎಲೆ ಅಡಿಕೆಯ ಸಂಚಿಯನ್ನು ಮಡಿಚಿಟ್ಟು, “ಸರ್ಯಾಗ್ ಬರ್ದಿದ್ದೀಯ ಕಣಮ್ಮ. ನಿಮ್ಮಪ್ಪುಂಗೂ ಒಂದ್ ಕೊಡು” ಎಂದರು. ನನಗೆ ಅರ್ಥವಾಗಲಿಲ್ಲ. “ಬರಾಕಾಯ್ತಿಲ್ಲ, ಯಾವಾಗ ಬತ್ತಾನೋ ಗೊತ್ತಿಲ್ಲ ಅಂತ ಮೊದ್ಲೇ ಏಳಿದ್ರೆ ನಾವೇನ್ ನಿಮ್ಮನ್ನ ತಿಂದಾಕ್ಬುಡ್ತಿದ್ವಾ? ಬತ್ತಾನೆ ಬತ್ತಾನೆ ಅಂತ ಮೂರ್ ಸಲ ಚಪ್ಪರಕ್ಕೆ ಗಳ ತರಿಸುದ್ರಿ. ಅದು ಕಣಮ್ಮ ಕೈಕೊಡದು ಅಂದ್ರೆ.”

ನಾನು ಕೈಯಲ್ಲಿದ್ದ ಕರಪತ್ರವನ್ನು ನೋಡಿದೆ. ದೇಶದ ಹೆಸರು ಇದ್ದ ಕಡೆ ನಮ್ಮ ಮನೆಯ ಹೆಸರು ಹಾಕಿದರೆ ಒಂದು ಅಕ್ಷರವನ್ನೂ ತಿದ್ದುವ ಅಗತ್ಯವಿರಲಿಲ್ಲ. ನಮ್ಮ ಮಾಲೀಕರು ಹೇಳಿದ ಹಾಗೆ, ಮೇಲ್ಗಡೆ ಲೈನ್ ಬದಲಾಯಿಸಿದರೆ ಸಾಕಿತ್ತು.

ಅಷ್ಟೇ ಅಲ್ಲ. ಆಶ್ರಿತಾಳ ಸೋದರಮಾವ ಕೆ.ಎಂ. ದೊಡ್ಡಿ ಕಡೆಯ ಒಂದು ಗಂಡನ್ನು ನೋಡಿಟ್ಟಿದ್ದರು. ಒಳ್ಳೆಯ ಕೆಲಸ, ಕೂಗಿದರೆ ಕೇಳುವ ದೂರ. ಒಬ್ಬರನ್ನೇ ನಂಬಿ ಕೂರದೆ ಬೇರೆ ಬೇರೆ ಮೂಲಗಳಿಂದ ಕೊಳ್ಳುವುದೇ ಸ್ವಾಭಿಮಾನಿ ರಾಷ್ಟ್ರದ ಲಕ್ಷಣ ಎಂದು ನನ್ನ ಕರಪತ್ರದ ಮೂರನೆಯ ಪ್ಯಾರಾದಲ್ಲಿ ನಾನೇ ದಪ್ಪ ಅಕ್ಷರದಲ್ಲಿ ಬರೆದಿದ್ದೆ. ಆ ಪ್ಯಾರಾವನ್ನು ಅಲ್ಲಿ ಓದಲಿಲ್ಲ.

ಆಶ್ರಿತಾ ಡ್ಯೂಟಿ ಮುಗಿಸಿ ಬಂದವಳು ನನ್ನನ್ನು ಬಸ್ಸಿನವರೆಗೆ ಬಿಡಲು ಬಂದಳು. ಅವಳು ನನಗಿಂತ ಎರಡು ವರ್ಷಕ್ಕೆ ದೊಡ್ಡವಳು, ಮಾತು ಕಡಿಮೆ. “ದೊಡ್ಡಿ ಕಡೆಯೋರು ಬಂದ್ ನೋಡ್ಕೊಂಡ್ ಹೋದ್ರು. ಒಳ್ಳೇವ್ರೇ ಕಣೇ” ಎಂದಳು. ಸ್ವಲ್ಪ ದೂರ ನಡೆದ ಮೇಲೆ, “ನಿಮ್ಮಣ್ಣನ್ನ ನಂಬ್ತೀನಿ. ನಿಮ್ಮನೆ ತಾರೀಕ್ನ ಮಾತ್ರ ನಂಬಕ್ಕಾಗಲ್ಲ” ಎಂದಳು. ಬಸ್ಸು ಬಂತು. ನಾನು ಹತ್ತಿ ಕಿಟಕಿಯ ಬಳಿ ಕೂತ ಮೇಲೆ, “ಅಲ್ವೇ ದೀಪಿಕ, ಅವ್ರು ಬರಂಗಿಲ್ಲ ಸರಿ. ನಾನ್ ಓಗಂಗಿಲ್ಲ ಅಂತ ಯಾರಾದ್ರೂ ಏಳಿದಾರಾ?” ಎಂದು ಕೇಳಿದಳು.

ಮಾನ್ಯರೇ, ಎರಡು ನಿಯೋಗಗಳು, ಒಂದು ಸಮಿತಿ, ಎರಡು ಪಕ್ಷಗಳು ಮತ್ತು ನನ್ನಂಥ ಒಬ್ಬ ಕರಪತ್ರಗಾರ್ತಿ ಸೇರಿ ಇಷ್ಟು ತಿಂಗಳಲ್ಲಿ ಕೇಳದ ಪ್ರಶ್ನೆಯನ್ನು ಅವಳು ಬಸ್ಸು ಹೊರಡುವಷ್ಟರಲ್ಲಿ ಕೇಳಿಬಿಟ್ಟಳು. ನಾನು ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅಪ್ಪ ಮೊದಲು ಚಿಕ್ಕರಸಿನಕೆರೆಗೆ ಹೋಗಿ, ಅದೇ ಜಗಲಿಯ ಮೇಲೆ ಕೂತು, “ಅವ್ನ್ ಯಾವಾಗ ಬತ್ತಾನೆ ಅಂತ ನಂಗ್ ಗೊತ್ತಿಲ್ಲ ಕಣಕ್ಕ” ಎಂದು ದೇವಿರಮ್ಮನವರ ಮುಂದೆ ಒಪ್ಪಿಕೊಂಡರು. ನಮ್ಮ ಕಡೆಯಿಂದ ಹೋದ ಮೊದಲ ನಿಜವಾದ ಹೇಳಿಕೆ ಅದು. ದೇವಿರಮ್ಮನವರು ಸಂಚಿ ಬಿಚ್ಚಿ ಅಪ್ಪನ ಮುಂದೆ ಎಲೆ ಅಡಿಕೆ ಇಟ್ಟರಂತೆ. ಕೆ.ಎಂ. ದೊಡ್ಡಿಯವರಿಗೆ ಮಾರನೆಯ ದಿನವೇ, ಸುತ್ತಿಬಳಸದೆ, ಇಲ್ಲ ಎಂದು ಹೇಳಿ ಕಳಿಸಿದರು. ಅಣ್ಣ ತನ್ನ ಸಾಹೇಬರನ್ನು ಕೇಳಿದ. ರಜೆ ಕೊಡಲಾರೆ, ಒಂದು ಬೆಳಗ್ಗೆ ಕೊಡಬಲ್ಲೆ ಎಂದರು ಸಾಹೇಬರು. ಮದುವೆಗೆ ಬೇಕಾಗುವುದು ಒಂದು ಬೆಳಗ್ಗೆಯೇ ಎಂಬುದು ನಮಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಆದ್ದರಿಂದ ವೈಶಾಖದಲ್ಲಿ ಎರಡೂ ಮನೆಯ ಹನ್ನೊಂದು ಜನ ರೈಲು ಹತ್ತಿ ಆ ಹೆಸರು ಹೇಳಬಾರದ ಊರಿಗೆ ಹೋಗುತ್ತಿದ್ದೇವೆ. ಅಲ್ಲೊಂದು ದೇವಸ್ಥಾನವಿದೆಯಂತೆ, ದೇವರು ಯಾರೆಂದು ಕೇಳಿಲ್ಲ, ಬೆಳಗ್ಗೆ ಬಾಗಿಲು ತೆರೆದಿರುತ್ತದೆ ಎಂಬುದಷ್ಟು ಖಾತ್ರಿ ಮಾಡಿಕೊಂಡಿದ್ದೇವೆ. ಅಜ್ಜಿಯ ಮೊಣಕಾಲು ನೋವಿಗೆ ಕೆಳಗಿನ ಬರ್ತ್ ಸಿಕ್ಕಿದೆ. ಅವರು ಈಗಾಗಲೇ ರಾಗಿ ಹಿಟ್ಟು ಜರಡಿ ಹಿಡಿದು ಗಂಟು ಕಟ್ಟಿಟ್ಟಿದ್ದಾರೆ. ಸೇನೆಯ ಅಡುಗೆಮನೆಯವರು ಒಲೆ ಬಿಟ್ಟುಕೊಡದಿದ್ದರೆ ಏನು ಮಾಡುತ್ತೀಯ ಎಂದು ಕೇಳಿದ್ದಕ್ಕೆ, “ಬುಡ್ದೇ ಏನ್ಮಾಡಾರು?” ಎಂದು ನನ್ನನ್ನೇ ಕೇಳಿದರು.

ಕೊನೆಗೆ ತಮ್ಮಲ್ಲಿ ನನ್ನ ನಮ್ರ ಕೋರಿಕೆ. ತಾವು ದೊಡ್ಡವರ ಮುನಿಸು ತಿಳಿಯಾಗುವುದನ್ನು ಕಾಯದೆ, ಪೆಟ್ಟಿಗೆಯ ಮೊಳೆಗಳನ್ನು ಒಳಗಿನಿಂದಲೇ ಸಡಿಲಿಸಿಕೊಂಡು, ರಾತ್ರಿ ಹಗಲೆನ್ನದೆ ಉರುಳುತ್ತ ಬಂದು ಆ ಎರಡು ಯಂತ್ರಗಳಲ್ಲಿ ಒಂದರ ಎದೆಯಲ್ಲಾದರೂ ಕೂತುಬಿಟ್ಟರೆ ದೇಶ ತಮಗೆ ಋಣಿಯಾಗಿರುತ್ತದೆ. ಅದು ತಮ್ಮ ಘನತೆಗೆ ತಕ್ಕುದಲ್ಲವೆಂದಾದರೆ, ಹಡಗಿನ ದಾರಿ ದೂರವೆಂದಾದರೆ, ಮೈಸೂರಿನವರೆಗಾದರೂ ಬನ್ನಿ, ಅಲ್ಲಿಂದ ಕಿರುಗಾವಲಿಗೆ ಬಸ್ಸಿದೆ. ಕಂಡಕ್ಟರ್ ಲಗೇಜ್ ಎಂದು ತಕರಾರು ತೆಗೆದರೆ ಮಿತ್ರರಾಷ್ಟ್ರದವರು ಎಂದು ಹೇಳಬೇಡಿ, ನೆಂಟರು ಎನ್ನಿ. ಇದ್ಯಾವುದೂ ಆಗದಿದ್ದರೆ, ಬರುವುದಿಲ್ಲ ಎಂಬ ಒಂದು ಸಾಲನ್ನು ಬರೆದು ಕಳಿಸಿ. ಅದನ್ನು ಓದಿ ನಮಗೆ ಬೇಸರವಾದೀತು, ಆದರೆ ಸ್ನೇಹ ಕೆಡುವುದಿಲ್ಲ ಎಂದು ಎಲೆ ಅಡಿಕೆ ಹಾಕಿಕೊಳ್ಳುತ್ತ ಹೇಳಬಲ್ಲ ಒಬ್ಬರು ಚಿಕ್ಕರಸಿನಕೆರೆಯಲ್ಲಿ ಇದ್ದಾರೆ. ಎರಡೂ ದೇಶದ ದೊಡ್ಡವರು ಬಿಡುವು ಮಾಡಿಕೊಂಡು ಒಮ್ಮೆ ಆ ಜಗಲಿಗೆ ಬಂದರೆ ಒಳ್ಳೆಯದು.

ಹೊಸ ಲಗ್ನಪತ್ರಿಕೆಯೊಂದನ್ನು ಇದರೊಂದಿಗೆ ಇಟ್ಟಿದ್ದೇನೆ. ತಾರೀಕನ್ನು ದಪ್ಪ ಅಕ್ಷರದಲ್ಲಿ ಅಚ್ಚು ಮಾಡಿದ್ದೇನೆ. ಚೀಟಿ ಅಂಟಿಸಲು ಜಾಗ ಬಿಟ್ಟಿಲ್ಲ.

ವಿಶ್ವಾಸ ಇನ್ನೂ ಉಳಿದಿರುವಷ್ಟರ ಮಟ್ಟಿಗೆ,
ತಮ್ಮ ವಿಶ್ವಾಸಿ,
ಕೆ. ದೀಪಿಕ
ಕಿರುಗಾವಲು

ತಾ.ಕ.: ಸೇನೆಯಿಂದ ವಾಪಸು ಬಂದ ಮದ್ದೂರಿನ ಚಕ್ರ ಸುಮ್ಮನೆ ಕೂತಿಲ್ಲ. ನಮ್ಮೂರಿನ ಚಿಕ್ಕಮಾದು ಅವರ ಆಲೆಮನೆಯಲ್ಲಿ ಗಾಣದ ಹಲ್ಲು ಮುರಿದು ಬೆಲ್ಲ ನಿಂತಾಗ ಅದನ್ನು ತೊಡಿಸಿ ನೋಡಿದರು, ಕೂತಿತು. ಇಪ್ಪತ್ತೆರಡು ದಿನದಿಂದ ಕಬ್ಬು ಅರೆಯುತ್ತಿದೆ. ನೀವು ಬೇರೆ ಯಾರಾರ ಜೊತೆ ಓಡಾಡುತ್ತೀರಿ ಎಂದು ಚಿಕ್ಕಮಾದು ಅವರನ್ನು ಅದು ಈವರೆಗೆ ಒಮ್ಮೆಯೂ ಕೇಳಿಲ್ಲ. ತಮಗೆ ತಿಳಿಸಿಬಿಡು ಎಂದು ಸ್ವರೂಪ್ ಅಣ್ಣ ಹೇಳಿ ಕಳಿಸಿದ್ದಾರೆ: ಮೂರು ಬೆರಳು ಸಣ್ಣದಾದ ಇನ್ನೊಂದನ್ನು ಕಡಿಯುವುದು ಅವರಿಗೆ ಎರಡೇ ದಿನದ ಕೆಲಸವಂತೆ. ತಮಗೇನೂ ಅವಸರವಿಲ್ಲ, ನಿಧಾನವಾಗಿ ಯೋಚಿಸಿ.